ಅಮ್ಮನಿಗೆ ನೆನಪಿಲ್ಲ, ತಮ್ಮನಿಗೆ ಓದು ಬಾರದು: ಸಹಿ ಯಾರು ಹಾಕಬೇಕು?

ಶ್ರೀನಗರದ ಅಕ್ಕ
ನಮ್ಮ ಮನೆಯಲ್ಲಿ ನನ್ನ ಜೊತೆ ಇಬ್ಬರಿದ್ದಾರೆ. ಅಮ್ಮನಿಗೆ 76, ತಮ್ಮನಿಗೆ 41. ತಮ್ಮನಿಗೆ ಹುಟ್ಟಿನಿಂದ ಬೌದ್ಧಿಕ ಅಂಗವೈಕಲ್ಯ. ಅಮ್ಮನಿಗೆ ಮೂರು ವರ್ಷದಿಂದ ಮರೆವು. ವೈದ್ಯರು ಡಿಮೆನ್ಷಿಯಾ ಎಂದು ಬರೆದುಕೊಟ್ಟಿದ್ದಾರೆ. ಇಷ್ಟು ವರ್ಷ ಅವನಿಗೆ ಸ್ನಾನ ಮಾಡಿಸಿ, ತುತ್ತು ಕಲಸಿಕೊಟ್ಟವಳು ಈಗ ಅವನನ್ನೇ ನೋಡಿ “ನೀನು ಯಾರ ಮನೆ ಹುಡುಗ?” ಎಂದು ಕೇಳುತ್ತಾಳೆ.

ಕಳೆದ ವಾರ ಅಮ್ಮನ ಠೇವಣಿಯ ಅವಧಿ ಮುಗಿಯಿತು. ಇಬ್ಬರ ಔಷಧಿಗೂ ಹಗಲು ನೋಡಿಕೊಳ್ಳುವವರ ಸಂಬಳಕ್ಕೂ ಅದೇ ಹಣ. ಆಟೋದಲ್ಲಿ ಬ್ಯಾಂಕಿಗೆ ಕರೆದುಕೊಂಡು ಹೋದೆ. ಹೆಸರು ಕೇಳಿದರೆ ಅಮ್ಮ ಮದುವೆಗೆ ಮುಂಚಿನ ತವರಿನ ಹೆಸರು ಹೇಳಿದಳು. ಸಹಿಗೆಂದು ಕೊಟ್ಟ ಪೆನ್ನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ಚಿಲ್ಲರೆ ಕಟ್ಟಿಕೊಳ್ಳುವ ಹಾಗೆ. ನನ್ನ ಹತ್ತಿರ ಅಮ್ಮ ಐದು ವರ್ಷದ ಹಿಂದೆ ಬರೆದುಕೊಟ್ಟ ಜಿಪಿಎ, ಅಂದರೆ ಅವಳ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಇದೆ. ಅದು ನಡೆಯುವುದಿಲ್ಲ, ನ್ಯಾಯಾಲಯದ ಆದೇಶ ತನ್ನಿ ಎಂದರು.

ಅಣ್ಣ ಬೇರೆ ಊರಿನಲ್ಲಿದ್ದಾನೆ. ಅಮ್ಮನ ಹೆಬ್ಬೆಟ್ಟು ಒತ್ತಿಸಿ ಮನೆಯನ್ನು ನಮ್ಮಿಬ್ಬರ ಹೆಸರಿಗೆ ಮಾಡಿಕೊಂಡುಬಿಡೋಣ, ತಮ್ಮನನ್ನು ಹೇಗೂ ನಾವೇ ನೋಡಿಕೊಳ್ಳುತ್ತೇವೆ ಎನ್ನುತ್ತಾನೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ದಾರಿ ಹೇಳಿ.

ವಿಜಯನಗರ ವಾಸಿ
ಅಕ್ಕಾ, ಕೋರ್ಟು ಕಚೇರಿ ಎಂದು ಅಲೆಯಬೇಡಿ. ನಮ್ಮ ಅಜ್ಜಿಗೂ ಹೀಗೆಯೇ ಆಗಿತ್ತು. ಮಕ್ಕಳೆಲ್ಲ ಒಂದು ಭಾನುವಾರ ಕುಳಿತು ಮಾತಾಡಿ, ಹೆಬ್ಬೆಟ್ಟು ಒತ್ತಿಸಿ, ಮನೆ ಮಾರಿ ಅವರ ಕೊನೆಯ ದಿನದವರೆಗೂ ಚೆನ್ನಾಗಿ ನೋಡಿಕೊಂಡೆವು. ಯಾರಿಗೂ ಮೋಸವಾಗಲಿಲ್ಲ. ಹೆತ್ತ ಮಕ್ಕಳಿಗಿಂತ ಹೆಚ್ಚು ಅಕ್ಕರೆ ಸರ್ಕಾರಕ್ಕೆ ಇರುತ್ತದೆಯೇ? ಅಣ್ಣನ ಮಾತನ್ನು ತೆಗೆದುಹಾಕಬೇಡಿ.

ರಾತ್ರಿ ಪಾಳಿ
ನಾನು ಹನ್ನೊಂದು ವರ್ಷದಿಂದ ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿದ್ದೇನೆ. ಮೇಲಿನದನ್ನು ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಒಂದು ಮನೆಯಲ್ಲಿ ಪಾರ್ಶ್ವವಾಯು ಹೊಡೆದ ಯಜಮಾನರಿದ್ದರು. ಮಾತು ನಿಂತಿತ್ತು, ಕಣ್ಣು ಎಲ್ಲವನ್ನೂ ನೋಡುತ್ತಿತ್ತು. ಒಂದು ಬೆಳಿಗ್ಗೆ ಮಗ ಛಾಪಾ ಕಾಗದ, ಶಾಯಿ ಡಬ್ಬಿ ತಂದ. ಯಜಮಾನರು ಎಡಗೈಯನ್ನು ಬಿಗಿಯಾಗಿ ಮುಷ್ಟಿ ಹಿಡಿದುಕೊಂಡರು. ಮಗ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೆಬ್ಬೆರಳನ್ನು ನಾಲ್ಕು ಕಡೆ ಒತ್ತಿದ. ಆಮೇಲೆ “ಸ್ವಲ್ಪ ಒರೆಸಿಬಿಡಿ” ಎಂದು ಹೊರಗೆ ಹೋದ. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದವಳು ನಾನೇ. ಎರಡು ದಿನವಾದರೂ ಉಗುರಿನ ಸಂದಿಯ ನೀಲಿ ಹೋಗಲಿಲ್ಲ. ಯಜಮಾನರು ಅದನ್ನೇ ನೋಡುತ್ತಿದ್ದರು. ಆ ಮಗನೂ ಹೆತ್ತ ಮಗನೇ, ಸರ್.

ಅಂಥದ್ದನ್ನು ಕಂಡಾಗ ನನ್ನಂಥವರು ಯಾರಿಗೆ ಹೇಳಬೇಕು? ಹೇಳಿದರೆ ಕೆಲಸ ಹೋಗುತ್ತದೆ. ನಾನು ಅಂದು ಹೇಳಲಿಲ್ಲ. ಇಂದಿಗೂ ಅದು ಎದೆಯಲ್ಲಿದೆ.

ಕಪ್ಪು ಕೋಟು
ಮೊದಲು ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ ತಾಯಿ, ಅದು ದೊಡ್ಡ ಪ್ರಶ್ನೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 7ನೇ ಕಲಮಿನ ಪ್ರಕಾರ, ಅಂಗವೈಕಲ್ಯ ಇರುವವರ ಮೇಲೆ ದೌರ್ಜನ್ಯವೋ ಶೋಷಣೆಯೋ ನಡೆಯುತ್ತಿದೆ, ನಡೆಯಲಿದೆ ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಬಹುದು. ನೆಂಟರೇ ಆಗಬೇಕಿಲ್ಲ. ಹಿರಿಯ ನಾಗರಿಕರ ವಿಷಯಕ್ಕೆ 14567 ಸಹಾಯವಾಣಿ ಇದೆ.

ಈಗ ಶ್ರೀನಗರದವರಿಗೆ. ನಿಮ್ಮದು ಒಂದೇ ಮನೆ, ಆದರೆ ಕಾನೂನಿನ ಕಣ್ಣಿಗೆ ಎರಡು ಬೇರೆ ಬೇರೆ ಲೋಕ. ನಿಮ್ಮ ತಮ್ಮನಿಗೆ ಬಾಗಿಲಿದೆ: 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವ ವಯಸ್ಕರಿಗೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಯೇ ಪೋಷಕರನ್ನು, ಅಂದರೆ ಅವರ ಪರವಾಗಿ ನಿರ್ಧರಿಸಿ ಸಹಿ ಹಾಕುವವರನ್ನು, ನೇಮಿಸಬಹುದು. ಆ ಸಮಿತಿಯಲ್ಲಿ ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿಯೂ ಒಬ್ಬ ಅಂಗವಿಕಲ ವ್ಯಕ್ತಿಯೂ ಇರುತ್ತಾರೆ. ಒಡಹುಟ್ಟಿದವರು ಅರ್ಜಿ ಹಾಕಬಹುದು. ನ್ಯಾಯಾಲಯಕ್ಕೆ ಹೋಗಬೇಕಿಲ್ಲ.

ಅಮ್ಮನಿಗೆ ಆ ಬಾಗಿಲು ಇಲ್ಲ. ಡಿಮೆನ್ಷಿಯಾ ಆ ನಾಲ್ಕರಲ್ಲಿ ಸೇರಿಲ್ಲ. 1890ರ ಪೋಷಕರ ಕಾಯ್ದೆ ಅಪ್ರಾಪ್ತರಿಗೆ ಮಾತ್ರ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಜಿಲ್ಲಾ ನ್ಯಾಯಾಲಯ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸಲು ಅವಕಾಶವಿತ್ತು. ಅದರ ಜಾಗಕ್ಕೆ ಬಂದ 2017ರ ಕಾಯ್ದೆ ಅದನ್ನು ಉಳಿಸಿಕೊಳ್ಳಲಿಲ್ಲ. ಹೊಸ ಕಾಯ್ದೆಯ ನಾಮನಿರ್ದೇಶಿತ ಪ್ರತಿನಿಧಿ ಚಿಕಿತ್ಸೆಯ ವಿಷಯಕ್ಕೆ ಮಾತ್ರ. ಠೇವಣಿ ಬಿಡಿಸಲು ಆಗುವುದಿಲ್ಲ. ಇನ್ನು ಜಿಪಿಎ. ಕರಾರು ಕಾಯ್ದೆಯ 201ನೇ ಕಲಮಿನಂತೆ, ಬರೆದುಕೊಟ್ಟವರ ಬುದ್ಧಿ ಸ್ವಾಧೀನದಲ್ಲಿ ಇಲ್ಲದಾದ ದಿನವೇ ಅದು ಬಿದ್ದುಹೋಗುತ್ತದೆ. ಅಂದರೆ, ಯಾವ ದಿನಕ್ಕೆ ಬೇಕೆಂದು ಬರೆಸಿಕೊಂಡೆವೋ ಆ ದಿನವೇ ಅದಕ್ಕೆ ಬೆಲೆಯಿಲ್ಲ. ಇಂಗ್ಲೆಂಡಿನಲ್ಲಿ 2005ರ ಕಾಯ್ದೆಯಡಿ, ಮನಸ್ಸು ನೆಟ್ಟಗಿರುವಾಗಲೇ ನಂಬಿಕೆಯವರ ಹೆಸರು ಬರೆದಿಟ್ಟರೆ ನೆನಪು ಹೋದ ಮೇಲೂ ಆ ಅಧಿಕಾರ ನಿಲ್ಲುತ್ತದೆ. ನಮಗೆ ತುರ್ತಾಗಿ ಬೇಕಾದದ್ದು ಅದೇ ಎಂದು ನಾನು ಎಲ್ಲ ಕಡೆ ಹೇಳುತ್ತ ಬಂದಿದ್ದೇನೆ.

ಉಳಿದ ದಾರಿ ಎರಡು. ಕೋಮಾದಲ್ಲಿದ್ದವರ ವಿಷಯದಲ್ಲಿ ಕೇರಳ ಹೈಕೋರ್ಟ್ 2019ರಲ್ಲಿ ಸಂವಿಧಾನದ 226ನೇ ವಿಧಿಯಡಿ ಪೋಷಕರನ್ನು ನೇಮಿಸುವ ಕ್ರಮವನ್ನು ಹಾಕಿಕೊಟ್ಟಿತು: ನರರೋಗ ತಜ್ಞರಿರುವ ವೈದ್ಯಕೀಯ ಮಂಡಳಿ, ಕಂದಾಯ ಅಧಿಕಾರಿಗಳ ವಿಚಾರಣೆ, ಆರು ತಿಂಗಳಿಗೊಮ್ಮೆ ವರದಿ. ಅದನ್ನು ಆಧಾರವಾಗಿಟ್ಟುಕೊಂಡು ಇಲ್ಲಿಯೂ ರಿಟ್, ಅಂದರೆ ಹೈಕೋರ್ಟಿಗೇ ನೇರ ಅರ್ಜಿ, ಹಾಕಬಹುದು. ಇನ್ನೊಂದು, 2016ರ ಕಾಯ್ದೆಯ 14ನೇ ಕಲಮಿನ ಮಿತ ಪೋಷಕತ್ವ. ಅದರ ಪಟ್ಟಿಯಲ್ಲಿ ಡಿಮೆನ್ಷಿಯಾ ಎಂಬ ಹೆಸರಿಲ್ಲ. ಆದರೆ ಮಾನಸಿಕ ಅನಾರೋಗ್ಯದ ವ್ಯಾಖ್ಯೆಯಲ್ಲಿ ನೆನಪಿನ ತೊಂದರೆ ಸೇರಿದೆ, ವಾದಿಸಲು ಜಾಗವಿದೆ.

ವಿಜಯನಗರದವರೇ, ತಿಳಿವಳಿಕೆ ಇಲ್ಲದವರಿಂದ ಒತ್ತಿಸಿಕೊಂಡ ಹೆಬ್ಬೆಟ್ಟು ಪತ್ರವೇ ಅಲ್ಲ. ನಿಮ್ಮ ಮನೆಯಲ್ಲಿ ಯಾರೂ ಪ್ರಶ್ನಿಸಲಿಲ್ಲ, ಅಷ್ಟೇ.

ನಿವೃತ್ತ ಮ್ಯಾನೇಜರ್
ಬ್ಯಾಂಕಿನವರನ್ನು ಬೈಯುವ ಮುಂಚೆ ಒಂದು ಮಾತು. ಕಾಯಿಲೆಯಿಂದ ಸಹಿ ಮಾಡಲು ಆಗದವರಿಗೆ ರಿಸರ್ವ್ ಬ್ಯಾಂಕ್ ದಾರಿ ಮಾಡಿಕೊಟ್ಟಿದೆ: ಹೆಬ್ಬೆಟ್ಟು ಅಥವಾ ಗುರುತು, ಇಬ್ಬರು ಸಾಕ್ಷಿ, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ. ನಾನೇ ಎಷ್ಟೋ ಆಸ್ಪತ್ರೆ ಮಂಚದ ಪಕ್ಕ ನಿಂತು ಮಾಡಿಸಿದ್ದೇನೆ. ಆದರೆ ಅದು ಕೈ ಸೋತವರಿಗೆ. ಹಣ ಯಾವುದಕ್ಕೆಂದು ಗೊತ್ತಿಲ್ಲದವರ ಹೆಬ್ಬೆಟ್ಟಿಗೆ ನಾನು ಸಾಕ್ಷಿ ಹಾಕಿದರೆ, ನಾಳೆ ಶ್ರೀನಗರದವರ ಅಣ್ಣನೇ ಬಂದು ನನ್ನ ಕೊರಳಪಟ್ಟಿ ಹಿಡಿಯುತ್ತಾನೆ.

ಜಯನಗರ 4ನೇ ಬ್ಲಾಕ್
ಎಲ್ಲರೂ ಪೋಷಕರು ಯಾರಾಗಬೇಕು ಎಂದೇ ಮಾತಾಡುತ್ತಿದ್ದೀರಿ. ಪೋಷಕತ್ವದ ಕೆಳಗೆ ಬದುಕಿದವನು ನಾನು, ನನ್ನ ಮಾತನ್ನೂ ಕೇಳಿ.

ನನಗೆ ಸೆರೆಬ್ರಲ್ ಪಾಲ್ಸಿ. ಗಾಲಿಕುರ್ಚಿಯಲ್ಲಿದ್ದೇನೆ, ಮಾತು ತೊದಲುತ್ತದೆ. ಲೆಕ್ಕಪತ್ರದ ಕೆಲಸ ಮಾಡಿ ಸಂಬಳ ಪಡೆಯುತ್ತೇನೆ. ಹತ್ತೊಂಬತ್ತಕ್ಕೆ ನಮ್ಮ ತಂದೆ ಒಳ್ಳೆಯ ಮನಸ್ಸಿನಿಂದಲೇ ನನ್ನ ಪೋಷಕತ್ವದ ಪತ್ರ ಮಾಡಿಸಿದರು. ಅಂದಿನಿಂದ ಹೋದಲ್ಲೆಲ್ಲ ಜನ ನನ್ನ ಮುಖ ಬಿಟ್ಟು ಅವರ ಮುಖ ನೋಡಿ ಮಾತಾಡಿದರು. “ಇವರು ಕಾಫಿ ಕುಡಿಯುತ್ತಾರಾ?” ಎಂದೂ ಅವರನ್ನೇ ಕೇಳಿದರು. ನನ್ನ ಸಂಬಳದ ಖಾತೆ ತೆರೆಯಲು ನಾನು ಆ ಪತ್ರದ ವಿರುದ್ಧವೇ ಹೋರಾಡಬೇಕಾಯಿತು.

2007ರಲ್ಲಿ ಭಾರತ ಒಪ್ಪಿದ ವಿಶ್ವಸಂಸ್ಥೆಯ ಒಡಂಬಡಿಕೆಯ 12ನೇ ವಿಧಿ ಹೇಳುವುದು, ಅಂಗವಿಕಲರಿಗೂ ಎಲ್ಲರಂತೆ ಕಾನೂನಿನ ಸಾಮರ್ಥ್ಯವಿದೆ, ನಿರ್ಧರಿಸಲು ಬೇಕಾದ ಬೆಂಬಲ ಕೊಡಿ ಎಂದು. ನಿರ್ಧಾರವನ್ನೇ ಕಿತ್ತುಕೊಳ್ಳಿ ಎಂದಲ್ಲ. 2016ರ ಕಾಯ್ದೆಯ ಮಿತ ಪೋಷಕತ್ವ ಇದಕ್ಕೆ ಹತ್ತಿರ: ಇಂಥ ನಿರ್ಧಾರಕ್ಕೆ, ಇಷ್ಟು ಕಾಲಕ್ಕೆ, ಆ ವ್ಯಕ್ತಿಯ ಇಷ್ಟದ ಪ್ರಕಾರ, ಪೋಷಕರೂ ಅವರೂ ಸೇರಿ. 1999ರದ್ದು ಹಳೆಯ ಅಂಗಿ. ಅಕ್ಕಾ, ನಿಮ್ಮ ತಮ್ಮನಿಗೆ ಏನು ಬೇಕು ಎಂದು ಕೇಳಿದ್ದೀರಾ?

ವಿಜಯನಗರ ವಾಸಿ
ನಿಮ್ಮ ನೋವು ಅರ್ಥವಾಗುತ್ತದೆ ಸರ್, ಆದರೆ ನೀವು ಲೆಕ್ಕಪತ್ರ ಬರೆಯುವವರು. ಆ ಹುಡುಗನಿಗೆ ಠೇವಣಿ ಎಂದರೆ ಏನೆಂದು ಗೊತ್ತಿಲ್ಲ. ಕೇಳಿ ಏನು ಪ್ರಯೋಜನ? ಅಮ್ಮನನ್ನು ಕೇಳಿದರೆ ತವರಿಗೆ ಹೋಗುತ್ತೇನೆ ಎಂದಾರು.

ಜಯನಗರ 4ನೇ ಬ್ಲಾಕ್
ಅವರು ಹುಡುಗ ಅಲ್ಲ, 41 ವರ್ಷದವರು. ಠೇವಣಿ ಗೊತ್ತಿಲ್ಲದಿರಬಹುದು, ಯಾರ ಜೊತೆ ಇರಬೇಕು ಎಂಬುದು ಗೊತ್ತಿರುತ್ತದೆ. ಯಾರ ಕೈ ಕಂಡರೆ ಹೆದರಿಕೆ ಎಂಬುದೂ ಗೊತ್ತಿರುತ್ತದೆ. ಮೇಲೆ ಹೇಳಿದ ಯಜಮಾನರು ಮುಷ್ಟಿ ಬಿಗಿಹಿಡಿದರಲ್ಲ, ಅದು ಉತ್ತರವಲ್ಲವೇ?

ರಾತ್ರಿ ಪಾಳಿ
ಹೌದು ಸರ್. ಅದು ಉತ್ತರವೇ.

ಕಪ್ಪು ಕೋಟು
ನಾನು ಒಂದು ಮಟ್ಟಿಗೆ ಒಪ್ಪುತ್ತೇನೆ. ಆದರೆ ಮುಂದುವರಿದ ಡಿಮೆನ್ಷಿಯಾ ಇರುವ ತಾಯಿಗೆ ‘ಬೆಂಬಲ’ ಎಂದಷ್ಟೇ ಹೇಳಿ ಕೈತೊಳೆದುಕೊಂಡರೆ ಔಷಧಿ ಅಂಗಡಿಯ ಬಾಕಿ ತೀರುವುದಿಲ್ಲ. ಯಾರಾದರೂ ಸಹಿ ಹಾಕಲೇಬೇಕು. ಹಾಕಿದವರ ಲೆಕ್ಕ ಕೇಳುವವರು ಇರಬೇಕು. ನೀವು ಹಳೆಯ ಅಂಗಿ ಎಂದ 1999ರ ಕಾಯ್ದೆಯಲ್ಲೇ ಅದು ಚೆನ್ನಾಗಿದೆ: ನೇಮಕವಾದ ಆರು ತಿಂಗಳೊಳಗೆ ಆಸ್ತಿಯ ಪಟ್ಟಿ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ನಿರ್ಲಕ್ಷ್ಯ ಮಾಡಿದರೆ, ಆಸ್ತಿ ದುರುಪಯೋಗವಾದರೆ ಪೋಷಕರನ್ನು ತೆಗೆಯಲು 17ನೇ ಕಲಮಿದೆ.

ನಿವೃತ್ತ ಮ್ಯಾನೇಜರ್
ಕಾಗದದ ಲೆಕ್ಕ ನಾನು ಮೂವತ್ತು ವರ್ಷ ನೋಡಿದ್ದೇನೆ ವಕೀಲರೇ. ಕೂಡುಕಳೆ ಸರಿಯಿದ್ದರೆ ಯಾರೂ ಮನೆಯೊಳಗೆ ಇಣುಕುವುದಿಲ್ಲ. ಹಾಸಿಗೆ ಹುಣ್ಣು ಲೆಕ್ಕದಲ್ಲಿ ಕಾಣುವುದಿಲ್ಲ. ವರ್ಷಕ್ಕೆ ಒಂದು ಸಲವಾದರೂ ಹೇಳದೆ ಕೇಳದೆ ಬಂದು ನೋಡುವವರು ಬೇಕು.

ಶ್ರೀನಗರದ ಅಕ್ಕ
ಎಲ್ಲರಿಗೂ ಕೃತಜ್ಞತೆ. ಅಣ್ಣನಿಗೆ ಫೋನು ಮಾಡಿ ಹೆಬ್ಬೆಟ್ಟಿನ ಮಾತು ಇನ್ನು ಎತ್ತಬೇಡ ಎಂದು ಹೇಳಿದೆ. ಬೇಸರ ಮಾಡಿಕೊಂಡಿದ್ದಾನೆ. ಅಮ್ಮನಿಗಾಗಿ ಹೈಕೋರ್ಟಿಗೆ ಹೋಗಲು ವಕೀಲರನ್ನು ಕಾಣುತ್ತೇನೆ. ಅಲ್ಲಿಯವರೆಗೆ ನನ್ನ ಚಿನ್ನ ಒತ್ತೆ ಇಟ್ಟು ಔಷಧಿ ನಡೆಸುತ್ತೇನೆ.

ಜಯನಗರದವರೇ, ನಿಮ್ಮ ಪ್ರಶ್ನೆ ರಾತ್ರಿ ನಿದ್ದೆ ಕೊಡಲಿಲ್ಲ. ನಾನು ಅವನನ್ನು ಯಾವತ್ತೂ ಕೇಳಿರಲಿಲ್ಲ. ಇಂದು ಬೆಳಿಗ್ಗೆ ಅಮ್ಮನಿಗೆ ತಲೆ ಬಾಚುತ್ತಿದ್ದಾಗ ಅವನು ಪಕ್ಕದಲ್ಲಿ ಕುಳಿತಿದ್ದ. “ಮುಂದೆ ನೀನು ಯಾರ ಜೊತೆ ಇರುತ್ತೀಯ?” ಎಂದು ಕೇಳಿದೆ. ತುಂಬಾ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಬಾಚಣಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಅಮ್ಮನ ಕೂದಲು ಬಾಚತೊಡಗಿದ, ಮೆಲ್ಲಗೆ, ಸಿಕ್ಕು ಬಂದ ಕಡೆ ಕೈಯಲ್ಲಿ ಬಿಡಿಸುತ್ತ. “ಇಲ್ಲಿ” ಎಂದ. ಎರಡು ಸಲ.

ಸೋಮವಾರ ಕೆಂಪೇಗೌಡ ರಸ್ತೆಯ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಲು ಅವನನ್ನೂ ಕರೆದುಕೊಂಡು ಹೋಗುತ್ತೇನೆ. ‘ಅವರಿಗೆ ಏನು ಬೇಕು’ ಎಂಬ ಜಾಗ ಅರ್ಜಿಯಲ್ಲಿ ಇಲ್ಲದಿದ್ದರೆ ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಬಹುದೇ, ವಕೀಲರೇ?

ಕಪ್ಪು ಕೋಟು
ಬರೆಯಿರಿ ತಾಯಿ. ಅವರು ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆಯಿರಿ, ದಿನಾಂಕ ಹಾಕಿ. ಸ್ವೀಕೃತಿ ಮುದ್ರೆ ಇಲ್ಲದೆ ಬರಬೇಡಿ.