ಲೋಯೆಸ್ ಮಣ್ಣಿನ ಮೇಲೆ ಮನೆ ಕಟ್ಟಿದವರು ಅನುಭವ ಹೇಳಿ

ಪ್ರಶ್ನೆ: ಅಮೆರಿಕದ ಅಯೋವಾ ರಾಜ್ಯದ ಕೌನ್ಸಿಲ್ ಬ್ಲಫ್ಸ್‌ನಲ್ಲಿ ಗುಡ್ಡದ ಮೇಲೊಂದು ಸೈಟ್ ನೋಡಿದ್ದೇವೆ. ಮಣ್ಣಿನ ರಿಪೋರ್ಟ್‌ನಲ್ಲಿ ಲೋಯೆಸ್ (ಗಾಳಿ ತಂದು ಹಾಕಿದ ಧೂಳುಮಣ್ಣು), ಜೇಡಿ 15%, ಮಾಂಟ್‌ಮೊರಿಲ್ಲೊನೈಟ್ (ನೀರು ಕುಡಿದು ಉಬ್ಬುವ ಜೇಡಿ ಖನಿಜ) ಅಂತಿದೆ. ನಮ್ಮೂರು ಗದಗ ಕಡೆ. ಎರೆಮಣ್ಣಿನಲ್ಲೂ ಇದೇ ಖನಿಜ ಅಲ್ವಾ? ಪ್ರತಿ ಬೇಸಿಗೆ ಗೋಡೆ ಬಿರುಕು ಬಿಡುವುದನ್ನು ನೋಡಿಯೇ ಬೆಳೆದವನು ನಾನು. ಇಲ್ಲೂ ಹಾಗೇನಾ?

ಮಣ್ಣು ಪರೀಕ್ಷೆ ಕೆಲಸದಲ್ಲಿರುವವರು: ಖನಿಜ ಅದೇ, ಕಾಟ ಬೇರೆ. ಎರೆಮಣ್ಣಿನಲ್ಲಿ ಹೆಚ್ಚುಕಮ್ಮಿ ಅರ್ಧ ಜೇಡಿಯೇ. ನೀರು ಕುಡಿದರೆ ಇಡೀ ನೆಲ ಉಬ್ಬುತ್ತದೆ. ನಿಮ್ಮದು ಹಿಮಯುಗದಲ್ಲಿ ಮಿಸ್ಸೌರಿ ನದಿಯ ಬಯಲಿನಿಂದ ಗಾಳಿ ಹೊತ್ತು ತಂದ ಧೂಳು. ಆ ಗುಡ್ಡಗಳಲ್ಲಿ ಕೆಲವು ಕಡೆ 60 ಮೀಟರಿಗಿಂತ ಜಾಸ್ತಿ ದಪ್ಪ ಕೂತಿದೆ. ಕಣಗಳ ನಡುವೆ ಖಾಲಿ ಜಾಗ ತುಂಬಾ. ಕಣಕ್ಕೆ ಕಣ ತಾಗುವಲ್ಲಿ ಜೇಡಿ ಅಂಟಿನ ಹಾಗೆ ಹಿಡಿದುಕೊಂಡಿರುತ್ತದೆ. ಒಣಗಿದ್ದಾಗ ಗಟ್ಟಿ. ನೆನೆದರೆ ಅಂಟು ಸಡಿಲವಾಗಿ, ಮೇಲಿನ ಭಾರಕ್ಕೆ ದಿಢೀರಂತ ಕುಸಿಯುತ್ತದೆ.

ಒಣ ಹೆಂಟೆಯೊಂದನ್ನು ನೀರಿನ ಲೋಟಕ್ಕೆ ಇಳಿಸಿ ನೋಡಿ. ಗುಳ್ಳೆ ಏಳುತ್ತವೆ, ಅಂಚು ಉದುರುತ್ತದೆ, ನೋಡನೋಡುತ್ತಲೇ ತಳದಲ್ಲಿ ರಾಡಿ.

ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ರಿಚರ್ಡ್ ಹ್ಯಾಂಡಿ 1973ರಲ್ಲಿ ಈ ರಾಜ್ಯದ ಲೋಯೆಸ್‌ಗೇ ಲೆಕ್ಕ ಕೊಟ್ಟಿದ್ದಾರೆ. ಜೇಡಿ 16%ಗಿಂತ ಕಡಿಮೆಯಿದ್ದರೆ ಕುಸಿಯುವ ಸಾಧ್ಯತೆ ಜಾಸ್ತಿ, 32% ದಾಟಿದರೆ ಸಾಮಾನ್ಯವಾಗಿ ಕುಸಿಯುವ ಚಿಂತೆಯಿಲ್ಲ. ಊರಲ್ಲಿ ಜೇಡಿ ಜಾಸ್ತಿ ಅಂದರೆ ಹೆದರುತ್ತೇವೆ, ನಿಮ್ಮ ಗುಡ್ಡದಲ್ಲಿ ಕಡಿಮೆ ಅಂದರೆ ಹೆದರಬೇಕು. ರಿಪೋರ್ಟ್‌ನಲ್ಲಿ ಲಿಕ್ವಿಡ್ ಲಿಮಿಟ್ (ಎಷ್ಟು ಶೇಕಡಾ ನೀರಿಗೆ ಮಣ್ಣು ದ್ರವದಂತೆ ಹರಿಯಲು ಶುರುವಾಗುತ್ತದೋ ಅದು) ಎಷ್ಟಿದೆ, ಒಣ ಸಾಂದ್ರತೆ ಎಷ್ಟಿದೆ ನೋಡಿ. ಖಾಲಿ ಜಾಗವೆಲ್ಲ ತುಂಬಲು ಬೇಕಾದ ನೀರು ಲಿಕ್ವಿಡ್ ಲಿಮಿಟ್ ಮೀರಿದರೆ ಹುಷಾರು.

ನದಿಯ ಆಚೆ ದಡದ ಒಮಾಹಾದಲ್ಲಿ ಮನೆಯಿರುವವರು: ನಮ್ಮನೆಗೆ ಆಗಿದ್ದು ಇದೇ. ಚಾವಣಿ ನೀರಿನ ಪೈಪನ್ನು ಗ್ಯಾರೇಜ್ ಮೂಲೆಯಲ್ಲೇ ಬಿಟ್ಟು ಹೋಗಿದ್ದರು. ಎರಡು ವರ್ಷ ನೀರು ಸುಮ್ನೆ ಅಲ್ಲೇ ಇಂಗಿತು. ಮೂರನೇ ವರ್ಷ ಆ ಮೂಲೆ ಎರಡು ಬೆರಳಷ್ಟು ಕೂತು, ಇಟ್ಟಿಗೆ ಗೋಡೆಯಲ್ಲಿ ಮೆಟ್ಟಿಲಿನಂತೆ ಬಿರುಕು ಹತ್ತಿತು. ಮನೆಯ ಉಳಿದ ಕಡೆ ಒಂದು ಗೀರೂ ಇಲ್ಲ. ಪೈಪನ್ನು ಹತ್ತಡಿ ಆಚೆ ಹಾಯಿಸಿದ ಮೇಲೆ ನಿಂತಿತು. ಪಾಯದ ಪಕ್ಕ ಹೂವಿನ ಗಿಡಕ್ಕೂ ನೀರು ಬಿಡಬೇಡಿ.

ಇನ್ನೊಬ್ಬರು: ಗುಡ್ಡ ಕಡಿಯುವಾಗ ಇಳಿಜಾರು ಮಾಡಲು ಹೋಗಬೇಡಿ. ನಾವು ಮಾಡಿದ್ವಿ, ಮೊದಲ ಮಳೆಗೇ ಕೊರಕಲು ಬಿತ್ತು. ಆ ಕಡೆಯ ರಸ್ತೆ ಬದಿ ನೋಡಿ, ನೆಟ್ಟಗೆ ಕಡಿದದ್ದು ಗೋಡೆಯಂತೆ ನಿಂತಿದೆ. ಮೇಲಿನ ನೀರು ಅದರ ಮೈಮೇಲೆ ಹರಿಯದಂತೆ ತಿರುಗಿಸಬೇಕು, ಅಷ್ಟೇ. ಮತ್ತೆ, ನದಿಯಿಂದ ಪೂರ್ವಕ್ಕೆ ದೂರ ಹೋದಂತೆ ಜೇಡಿ ಹೆಚ್ಚುತ್ತದೆ. ಅಲ್ಲಿ ಸೈಟ್ ನೋಡಿದರೆ ನಿಮ್ಮ ಎರೆಮಣ್ಣಿನ ಭಯಕ್ಕೆ ಅರ್ಥ ಇದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಒಣ ಸಾಂದ್ರತೆ ಘನ ಸೆಂ.ಮೀ.ಗೆ 1.3 ಗ್ರಾಂ, ಲಿಕ್ವಿಡ್ ಲಿಮಿಟ್ 30% ಇದೆ. ಲೆಕ್ಕ ಹಾಕಿದರೆ ಖಾಲಿ ಜಾಗಕ್ಕೆ ಸುಮಾರು 40% ನೀರು ಹಿಡಿಯುತ್ತದೆ. ನೆನೆಸಿ ಭಾರ ಹೇರುವ ಪರೀಕ್ಷೆ ಆಗುವವರೆಗೆ ಅಡ್ವಾನ್ಸ್ ಕೊಡುವುದಿಲ್ಲ ಅಂತ ಇವತ್ತೇ ತಿಳಿಸಿದೆ.