ವನ್ಸ್ ಮೋರ್, ವಿಯೆನ್ನಾ!

"ದುಡ್ಡು ಕೊಟ್ಟು ನಿಂತುಕೊಳ್ಳುವುದೇ?" ಎಂದು ಖಜಾಂಚಿ ಕೇಳಿದ. ಮ್ಯೂನಿಕ್‌ನ ನಮ್ಮ ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ಅನ್ನ ಬೆಂದಿತ್ತು. ವಿಯೆನ್ನಾಗೆ ಹೋಗಿ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ನೋಡಿ ಬರುವ ಪ್ರವಾಸದ ಲೆಕ್ಕ ಮಾತ್ರ ಬೇಯುವ ಲಕ್ಷಣವೇ ಇರಲಿಲ್ಲ.

"ಅಲ್ಲಿ ನಿಂತು ನೋಡುವವರಿಗೇ ಮರ್ಯಾದೆ," ಎಂದಳು ಮೈಸೂರಿನವಳು. ಅವಳು ಒಂದು ಸೆಮಿಸ್ಟರ್ ವಿಯೆನ್ನಾದಲ್ಲಿ ಓದಿ ಬಂದವಳು. ಆ ಊರಿನ ಹೆಸರೆತ್ತಿದರೆ ಕುಳಿತಲ್ಲೇ ಅರ್ಧ ಅಡಿ ಎತ್ತರವಾಗುತ್ತಾಳೆ. "ಒಳ್ಳೆಯ ಆಸನಕ್ಕೆ ಇನ್ನೂರು ಯೂರೋ ದಾಟುತ್ತದೆ. ನಿಲ್ಲುವ ಜಾಗಕ್ಕೆ ಅದರ ಒಂದು ಚೂರು ಕೊಟ್ಟರೆ ಸಾಕು. ಅದೂ ಎಲ್ಲಿ? ಸಭಾಂಗಣದ ನಟ್ಟನಡುವೆ, ಮಧ್ಯದ ಬಾಕ್ಸಿನ ಕೆಳಗೆ. ಪಕ್ಕದ ಬಾಕ್ಸುಗಳಲ್ಲಿ ಹಿಂದೆ ಕುಳಿತವರು ಕತ್ತು ಚಾಚಿ ಅರ್ಧ ರಂಗ ನೋಡುತ್ತಿರುತ್ತಾರೆ, ನಾವು ಪೂರ್ತಿ ನೋಡುತ್ತೇವೆ. ಒಳಗೆ ಹೋದ ಕೂಡಲೇ ಮುಂದಿನ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಬೇಕು, ಅಷ್ಟೇ. ಆಮೇಲೆ ಹೊರಗೆ ಸುತ್ತಾಡಿ ಬಂದರೂ ಆ ಜಾಗ ನಮ್ಮದೇ."

"ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ ಹಾಗೆ!" ಬಾದಾಮಿಯವನ ಮುಖ ಅರಳಿತು. "ಆದರೆ ನಮ್ಮಲ್ಲಿ ಟವೆಲನ್ನು ಮಡಿಸಿ ನಮ್ಮ ಕೈಗೇ ಕೊಟ್ಟು ಕುಳಿತುಬಿಡುತ್ತಾರೆ."

"ಅಲ್ಲಿ ಯಾರೂ ಮುಟ್ಟುವುದಿಲ್ಲ."

"ಸಾಮ್ರಾಜ್ಯ ಆಳಿದವರಲ್ಲವೇ, ಸಂಯಮ ಇದೆ."

ಸಂಯಮದ ಮಾತು ಬಂದದ್ದೇ ತಡ, ಮೈಸೂರಿನವಳು ಆ ಕಟ್ಟಡದ ಕಥೆ ತೆಗೆದಳು. ಒಪೆರಾ ಭವನ ಏಳುತ್ತಿದ್ದಾಗಲೇ ಅದರ ಮುಂದಿನ ರಸ್ತೆಯ ಮಟ್ಟವನ್ನು ಸುಮಾರು ಒಂದು ಮೀಟರ್ ಎತ್ತರಿಸಿದರಂತೆ. ಕಟ್ಟಡ ನೆಲಕ್ಕೆ ಕುಸಿದಂತೆ ಕಂಡಿತು. ಊರವರು ಅದನ್ನು ಮುಳುಗಿದ ಪೆಟ್ಟಿಗೆ ಎಂದು ಆಡಿಕೊಂಡರು. ವಿನ್ಯಾಸ ಮಾಡಿದ ಇಬ್ಬರಲ್ಲಿ ವಾನ್ ಡೆರ್ ನ್ಯುಲ್ 1868ರಲ್ಲಿ ಆತ್ಮಹತ್ಯೆ ಮಾಡಿಕೊಂಡ, ಜೊತೆಗಾರ ಸಿಕಾರ್ಡ್ಸ್‌ಬರ್ಗ್ ಅದೇ ವರ್ಷ ಕಾಯಿಲೆಯಿಂದ ತೀರಿಕೊಂಡ. 1869ರ ಮೇ 25ರಂದು ಸಂಗೀತಗಾರ ಮೊಟ್ಸಾರ್ಟ್‌ನ 'ಡಾನ್ ಜಿಯೊವಾನ್ನಿ' ಒಪೆರಾದೊಂದಿಗೆ ಭವನ ತೆರೆದಾಗ ಇಬ್ಬರೂ ಇರಲಿಲ್ಲ. ಚಕ್ರವರ್ತಿ ಫ್ರಾನ್ಜ್ ಜೋಸೆಫ್ ಇದರಿಂದ ಎಷ್ಟು ನೊಂದನೆಂದರೆ, ಅಂದಿನಿಂದ ಯಾವ ಕಲೆಯ ಬಗ್ಗೆ ಕೇಳಿದರೂ "ತುಂಬಾ ಸೊಗಸಾಗಿತ್ತು, ನನಗೆ ಬಹಳ ಸಂತೋಷವಾಯಿತು" ಎಂಬ ಒಂದೇ ಮಾತು ಹೇಳುತ್ತಿದ್ದನಂತೆ.

ಎಲ್ಲರೂ ಒಂದು ಗಳಿಗೆ ಸುಮ್ಮನಾದೆವು. ಅಷ್ಟರಲ್ಲಿ ಬಾದಾಮಿಯವನು ಖಜಾಂಚಿ ಮಾಡಿದ ಸಾರನ್ನು ಒಂದು ಚಮಚ ಕುಡಿದು, "ತುಂಬಾ ಸೊಗಸಾಗಿದೆ, ನನಗೆ ಬಹಳ ಸಂತೋಷವಾಯಿತು" ಎಂದ.

ಖಜಾಂಚಿ ಸೌಟನ್ನು ಕೆಳಗಿಟ್ಟು ಲೆಕ್ಕದ ಪುಸ್ತಕ ತೆಗೆದ. ನಮ್ಮ ತಿಂಗಳ ರೈಲು ಪಾಸು ಸಾಲ್ಜ್‌ಬರ್ಗ್‌ವರೆಗೆ ನಡೆಯುತ್ತದೆ, ಅಲ್ಲಿಂದ ಮುಂದಕ್ಕೆ ಮಾತ್ರ ಟಿಕೆಟ್. ಇಷ್ಟು ಸಲೀಸಾಗಿ ಮುಗಿಯಿತು. ಬೇಸಿಗೆ ರಜೆಯಲ್ಲಿ ಹೋಗೋಣ ಎಂದ. ಜುಲೈ, ಆಗಸ್ಟ್‌ನಲ್ಲಿ ಒಪೆರಾಕ್ಕೇ ರಜೆ ಎಂದು ತಿಳಿದು ಆ ಸಾಲಿಗೆ ಕಾಟು ಹೊಡೆದ. ಷೋನ್‌ಬ್ರುನ್ ಅರಮನೆಯಲ್ಲಿ 1,441 ಕೋಣೆಗಳಿವೆ ಎಂದು ಕೇಳಿ ಕಣ್ಣರಳಿಸಿದವನು, ಪ್ರವಾಸಿಗರಿಗೆ ತೋರಿಸುವುದು ನಲವತ್ತರಷ್ಟು ಎಂದಾಗ ಉಳಿದ ಕೋಣೆಗಳ ಹಣ ವಾಪಸು ಕೇಳುವವನಂತೆ ಪೆನ್ನು ಕಚ್ಚಿದ. ಆರು ವರ್ಷದ ಮೊಟ್ಸಾರ್ಟ್ 1762ರಲ್ಲಿ ಅದೇ ಅರಮನೆಯಲ್ಲಿ ಮಹಾರಾಣಿ ಮಾರಿಯಾ ತೆರೇಸಾಳ ಮುಂದೆ ನುಡಿಸಿದ್ದ ಎಂದರೂ ಅವನ ಮನಸ್ಸು ಕರಗಲಿಲ್ಲ. ಸ್ಟೀಫನ್ ಚರ್ಚಿನ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು. ಅದನ್ನು ಹತ್ತಿದ ದಿನವೇ ಒಪೆರಾದಲ್ಲಿ ನಿಲ್ಲಬಾರದು ಎಂಬ ಒಂದೇ ವಿಷಯದಲ್ಲಿ ನಮ್ಮೆಲ್ಲರಿಗೂ ಒಮ್ಮತವಿತ್ತು.

"ಯಾವ ಒಪೆರಾ ಅತಿ ಉದ್ದ?" ಎಂದು ಖಜಾಂಚಿ ಕೇಳಿದ.

"ವಾಗ್ನರ್‌ನದು. ವಿರಾಮ ಸೇರಿದರೆ ಐದು ಗಂಟೆ ದಾಟುತ್ತದೆ."

"ಅದಕ್ಕೇ ಹೋಗೋಣ. ಗಂಟೆಯ ಲೆಕ್ಕದಲ್ಲಿ ಅದೇ ಅಗ್ಗ."

"ನಿಂತುಕೊಂಡೇ?" ಎಂದಳು ವಕೀಲೆ. ಕುಂದಾಪುರದವಳು, ಕಾನೂನು ಓದುತ್ತಿದ್ದಾಳೆ. ಅವಳ ಪಟ್ಟಿಯಲ್ಲಿ ಇದ್ದದ್ದು ಒಪೆರಾದ ಹಿಂದಿನ ಸಾಹರ್ ಹೋಟೆಲಿನ ಕೇಕ್ ಒಂದೇ. ತಿನ್ನುವ ಆಸೆಗಲ್ಲ, ಮೊಕದ್ದಮೆಯ ಗೌರವಕ್ಕೆ! ಅಸಲಿ ಸಾಹರ್‌ಟೋರ್ಟ ಯಾರದು ಎಂದು ಆ ಹೋಟೆಲೂ ಡೆಮೆಲ್ ಎಂಬ ಮಿಠಾಯಿ ಅಂಗಡಿಯೂ ವರ್ಷಗಟ್ಟಲೆ ಕೋರ್ಟು ಹತ್ತಿ, 1963ರಲ್ಲಿ ರಾಜಿಯಾದರು. ಏಪ್ರಿಕಾಟ್ ಜಾಮ್ ಕೇಕಿನ ನಡುವೆಯೂ ಇರಬೇಕೋ, ಚಾಕೊಲೇಟ್ ಹೊದಿಕೆಯ ಕೆಳಗೆ ಮಾತ್ರ ಇದ್ದರೆ ಸಾಕೋ ಎಂದು ವಕೀಲರು ವಾದಿಸಿದ್ದರಂತೆ. ಇಂಥ ವಾದಕ್ಕೆ ಶುಲ್ಕ ಪಡೆದವರ ಮೇಲೆ ಅವಳಿಗೆ ಅಪಾರ ಭಕ್ತಿ.

ಕೊನೆಗೆ 'ಟಾಸ್ಕಾ' ನಿಶ್ಚಯವಾಯಿತು. ಅದು ಚಿಕ್ಕದು, ಕೊಲೆ, ಮೋಸ, ಪ್ರೇಮ ಎಲ್ಲವೂ ಇದೆ. 1958ರಲ್ಲಿ ಕಟ್ಟಿದ ಪ್ರದರ್ಶನವನ್ನೇ ವಿಯೆನ್ನಾದವರು ದಶಕಗಟ್ಟಲೆ ಆಡಿಸಿದ್ದಾರೆ. ಮುಂದೆ ಪುಟ್ಟ ಪರದೆಯಲ್ಲಿ ಮಾತಿನ ಅನುವಾದ ಓಡುತ್ತಿರುತ್ತದೆ, ಯಾರು ಯಾಕೆ ಸಾಯುತ್ತಿದ್ದಾರೆ ಎಂದು ಪಕ್ಕದವರನ್ನು ಕೇಳುವ ಹಾಗಿಲ್ಲ.

"ಹಾಡು ಚೆನ್ನಾಗಿದ್ದರೆ ವನ್ಸ್ ಮೋರ್ ಕೂಗಬಹುದೇ?" ಬಾದಾಮಿಯವನ ಪ್ರಶ್ನೆ. ಬನಶಂಕರಿ ಜಾತ್ರೆಯ ಕಂಪನಿ ನಾಟಕಗಳನ್ನು ನೋಡಿ ಬೆಳೆದವನು. ರಂಗದ ಮೇಲೆ ಸತ್ತ ನಾಯಕ ವನ್ಸ್ ಮೋರ್ ಕೇಳಿ ಎದ್ದು ಕುಳಿತು, ಅದೇ ಹಾಡು ಹಾಡಿ, ಇನ್ನೊಮ್ಮೆ ಸತ್ತ ಕಥೆಯನ್ನು ಅಜ್ಜನಿಂದ ಕೇಳಿದವನು.

"ಛೆ, ಒಪೆರಾದಲ್ಲಿ ಅದೆಲ್ಲ ನಡೆಯುವುದಿಲ್ಲ," ಎಂದ ಖಜಾಂಚಿ.

"ಯಾರು ಹೇಳಿದರು?" ಮೈಸೂರಿನವಳು ಇನ್ನರ್ಧ ಅಡಿ ಬೆಳೆದಳು. "1786ರಲ್ಲಿ ಮೊಟ್ಸಾರ್ಟ್‌ನ 'ಫಿಗಾರೋನ ಮದುವೆ' ವಿಯೆನ್ನಾದಲ್ಲಿ ಮೊದಲ ಬಾರಿ ಆಡಿದಾಗ ಜನ ಎಷ್ಟು ವನ್ಸ್ ಮೋರ್ ಕೂಗಿದರೆಂದರೆ, ಆಟ ಮುಗಿಯುವುದೇ ಕಷ್ಟವಾಯಿತು. ಚಕ್ರವರ್ತಿ ಎರಡನೇ ಜೋಸೆಫನೇ ಆಜ್ಞೆ ಹೊರಡಿಸಬೇಕಾಯಿತು: ಒಂದಕ್ಕಿಂತ ಹೆಚ್ಚು ಕಂಠಗಳು ಹಾಡುವ ಭಾಗವನ್ನು ಮರುಹಾಡುವಂತಿಲ್ಲ."

ಬಾದಾಮಿಯವನು ಆ ಪ್ರೇಕ್ಷಕರಿಗೆ ಮನಸ್ಸಿನಲ್ಲೇ ಕೈಮುಗಿದ. ನನಗೂ ಅವರ ಮೇಲೆ ಪ್ರೀತಿ ಹುಟ್ಟಿತು. ಒಪೆರಾ ಎಂದರೆ ಉಸಿರು ಬಿಗಿಹಿಡಿದು ಕೂರುವ ಶಿಕ್ಷೆ ಎಂದು ಹೆದರಿಸುವವರನ್ನೆಲ್ಲ ಆ ಗುಂಪಿನ ನಡುವೆ ಒಂದು ಸಂಜೆ ನಿಲ್ಲಿಸಬೇಕು.

"ಅದು ಹಳೆಯ ಕಾಲ," ಎಂದ ಖಜಾಂಚಿ, ಬಿಡದೆ.

"2016ರ ಏಪ್ರಿಲ್ ಹಳೆಯ ಕಾಲವೇ? ಇದೇ 'ಟಾಸ್ಕಾ', ಇದೇ ಭವನ. ಯೋನಾಸ್ ಕೌಫ್‌ಮನ್ ನಾಯಕ. ಗುಂಡೇಟಿಗೆ ಸಾಯುವ ಮುನ್ನ ಹಾಡುವ ಹಾಡಿಗೆ ಚಪ್ಪಾಳೆ ನಿಲ್ಲಲಿಲ್ಲ, ಆತ ಮತ್ತೊಮ್ಮೆ ಹಾಡಿದ. ಹಾಡಿ ಮುಗಿದರೆ, ನಾಯಕಿ ರಂಗಕ್ಕೇ ಬರಲಿಲ್ಲ! ವಾದ್ಯದವರು ನುಡಿಸುತ್ತಲೇ ಇದ್ದರು. ಆತ ಇಟಾಲಿಯನ್‌ನಲ್ಲಿ, ನಮಗೆ ಸೊಪ್ರಾನೋ ಇಲ್ಲ, ಅಂದರೆ ನಾಯಕಿಯ ಹಾಡು ಹಾಡುವವಳೇ ಇಲ್ಲ, ಎಂದುಬಿಟ್ಟ. ಸಾಯಲು ನಿಂತವನ ಎದುರಿಗೆ ಸಭೆಯೆಲ್ಲ ನಗೆ."

"ಕೌಫ್‌ಮನ್ ಆಜ್ಞೆ ಮೀರಿದ ಹಾಗಾಯಿತಲ್ಲ?" ಎಂದೆ.

ವಕೀಲೆ ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಅವಳ ಗಳಿಗೆ ಬಂದಿತ್ತು. "ಇಲ್ಲ. ಆಜ್ಞೆ ಇರುವುದು ಒಂದಕ್ಕಿಂತ ಹೆಚ್ಚು ಕಂಠಗಳಿಗೆ. ಆತ ಹಾಡಿದ್ದು ಒಬ್ಬನೇ. ನಾಯಕಿ ಬಾರದೆ ಇದ್ದದ್ದರಿಂದ ಆತನ ಪಕ್ಷ ಇನ್ನೂ ಗಟ್ಟಿಯಾಯಿತು."

"ಹಾಗಾದರೆ ನಾವು ಕೂಗಬಹುದು!"

"ಒಬ್ಬರು ಕೂಗಬಹುದು. ಎಲ್ಲರೂ ಸೇರಿ ಕೂಗಿದರೆ ಅದು ಬಹುಕಂಠ."

ಆ ಒಬ್ಬರು ಯಾರು ಎಂಬುದು ಚರ್ಚೆಗೇ ಬರಲಿಲ್ಲ. ಬಾದಾಮಿಯವನು ಗಂಟಲು ಸರಿಮಾಡಿಕೊಂಡು ಅಭ್ಯಾಸಕ್ಕೆಂದು ಒಂದು ಸಲ ಕೂಗಿದ. ಮೇಲಿನ ಮಹಡಿಯ ಜರ್ಮನ್ ಹುಡುಗ ನೆಲವನ್ನು ಗುದ್ದಿದ. ಖಜಾಂಚಿ ಪುಸ್ತಕದಲ್ಲಿ ಇನ್ನೊಂದು ಸಾಲು ಬರೆದ: "ದಂಡಕ್ಕೆ ಮೀಸಲು, ಇಪ್ಪತ್ತು ಯೂರೋ."