ಬಿಎನ್‌ಎಚ್‌ಎಸ್ ಸೇರೋಕೆ ಸೈನ್ಸ್ ಓದಿರ್ಬೇಕಾ?

ಕೆರೆದಂಡೆ: ನಮಸ್ಕಾರ ಎಲ್ಲರಿಗೂ. ದಾವಣಗೆರೇಲಿ ಬಟ್ಟೆ ಅಂಗಡೀಲಿ ಕೆಲ್ಸ ಮಾಡ್ತೀನಿ, ಓದಿರೋದು ಪಿಯುಸಿ ಕಾಮರ್ಸ್. ಎರಡು ವರ್ಷದಿಂದ ರಜೆ ಸಿಕ್ಕಾಗೆಲ್ಲ ಬೆಳಗ್ಗೆನೇ ಕೊಂಡಜ್ಜಿ ಕೆರೆಗೆ ಹೋಗಿ ಹಕ್ಕಿ ನೋಡ್ಕೊಂಡು ತಾರೀಕು, ಟೈಮು, ಎಷ್ಟಿದ್ವು ಅಂತ ನೋಟ್‌ಬುಕ್ಕಲ್ಲಿ ಬರೀತೀನಿ. ಹೋದ ಚಳಿಗಾಲ ಪಟ್ಟೆತಲೆ ಹೆಬ್ಬಾತು ಬಂದಿದ್ವು, ಬಿಳೀ ತಲೆ ಹಿಂದೆ ಎರಡು ಕಪ್ಪು ಪಟ್ಟೆ, ಬೈನಾಕ್ಯುಲರ್ ಕೆಳಗಿಡೋಕೇ ಮನಸ್ಸು ಬರ್ಲಿಲ್ಲ. ಮುಂಬೈನ ಬಿಎನ್‌ಎಚ್‌ಎಸ್ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಪ್ರಾಣಿ-ಪಕ್ಷಿ-ಗಿಡಗಳ ಬಗ್ಗೆ ಅಧ್ಯಯನ ಮಾಡೋ ಸಂಸ್ಥೆ) ಮೆಂಬರ್ ಆಗ್ಬೇಕಂತ ಆಸೆ ಐತೆ, ಆದ್ರೆ ಗೊತ್ತಿರೋರೊಬ್ರು ಅದೆಲ್ಲ ವಿಜ್ಞಾನಿಗಳಿಗೆ ಕಣಯ್ಯ ಅಂದ್ಬಿಟ್ರು. ಹೌದಾ?

ದುರ್ಗದ ಬಂಡೆ: ಖಂಡಿತ ಅಲ್ಲ ತಮ್ಮಾ, ಯಾರು ಬೇಕಾದ್ರೂ ಸೇರಬಹುದು. 1883ರಲ್ಲಿ ಅದನ್ನ ಶುರು ಮಾಡಿದ ಎಂಟು ಜನರಲ್ಲಿ ಐಟ್ಕೆನ್ ಅನ್ನೋರು ಉಪ್ಪು-ಸುಂಕದ ಇಲಾಖೆ ನೌಕರ, ಆತ್ಮಾರಾಮ್ ಪಾಂಡುರಂಗ ಡಾಕ್ಟ್ರು. ಆಮೇಲೆ ಸಂಗ್ರಹ ಇಡೋಕೆ ಜಾಗ ಇಲ್ದಾಗ ಫಿಪ್ಸನ್ ಅನ್ನೋ ವೈನ್ ವ್ಯಾಪಾರಿ ತನ್ನ ಅಂಗಡೀಲೇ ಒಂದು ರೂಮು ಬಿಟ್ಕೊಟ್ರು. ಅಂಗಡೀಲೇ ಬೆಳೆದ ಸಂಸ್ಥೆ, ನೀನು ಅಂಗಡಿಯವ್ನು ಅಂತ ಹಿಂಜರೀಬೇಡ! ಹೆಸರಾಂತ ಪಕ್ಷಿತಜ್ಞ ಸಲೀಂ ಅಲಿ ಕೂಡ ಹುಡುಗ ಇದ್ದಾಗ ತಾನು ಹೊಡೆದ ಹಳದಿ ಕತ್ತಿನ ಗುಬ್ಬಿ ಯಾವ್ದು ಅಂತ ಕೇಳೋಕೆ ಅಲ್ಲಿಗೆ ಹೋದೋರೇ, ಅವ್ರಿಗೂ ಯೂನಿವರ್ಸಿಟಿ ಡಿಗ್ರಿ ಇರ್ಲಿಲ್ಲ.

ಜಗಳೂರು ಅಕ್ಕ: ಸೇರ್ಕೊಳ್ಳಿ, ಆದ್ರೆ ಅದಕ್ಕೂ ಮುಂಚೆ ನೋಟ್‌ಬುಕ್ಕಲ್ಲಿರೋದನ್ನ ಇಬರ್ಡ್ ಅನ್ನೋ ಹಕ್ಕಿ ದಾಖಲೆ ವೆಬ್‌ಸೈಟಿಗೆ ಹಾಕಿ. ನಮ್ಮನೆ ಮಾಡು ಸೋರಿ ನನ್ನ ಆರು ವರ್ಷದ ಬರಹ ಒಂದೇ ಮಳೆಗೆ ನೆಂದು ಮುದ್ದೆ ಆಯ್ತು, ರಂಗಯ್ಯನದುರ್ಗದ ಕಾಡಂಚಲ್ಲಿ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಹಿಕ್ಕೆ ಎಲ್ಲೆಲ್ಲಿ ಬೀಳುತ್ತೆ ಅಂತ ಗುರುತು ಹಾಕಿದ್ದ ಹಾಳೆಗಳೂ ಹೋದ್ವು. ಅದು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತೆ ನೋಡ್ರಿ, ಹಂಗಾಗಿ ಗುಡ್ಡೆ ಬಿದ್ದಿರುತ್ತೆ, ಪ್ರಾಣಿ ಕಾಣದಿದ್ರೂ ಐತೆ ಅಂತ ಗೊತ್ತಾಗುತ್ತೆ. ಈಗ್ಲೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ದುರ್ಗದ ಬಂಡೆ: ಅಕ್ಕ ಹೇಳಿದ್ದು ಸರಿ. ಇನ್ನೊಂದು, ಚಿತ್ರದುರ್ಗದ ಹತ್ರ ಜೋಗಿಮಟ್ಟಿ ಕಡೆ ಬಾ, ಬಂಡೆ ಪೊದೆ ಮಧ್ಯ ಹಳದಿ ಕತ್ತಿನ ಪಿಕಳಾರ ಅನ್ನೋ ಹಕ್ಕಿ ತೋರಿಸ್ತೀನಿ. ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ ಅದು.

ಕೆರೆದಂಡೆ: ಬರ್ತೀನಿ ಅಣ್ಣಾ! ಅಕ್ಕಾ, ಒಂದು ಡೌಟು, ಮೊದಮೊದ್ಲು ಎಣಿಸದೆ "ತುಂಬಾ ಇದ್ವು" ಅಂತ ಬರೆದಿದೀನಿ, ಅದನ್ನ ಹೆಂಗೆ ಹಾಕೋದು?

ಜಗಳೂರು ಅಕ್ಕ: ಸಂಖ್ಯೆ ಜಾಗದಲ್ಲಿ ಎಕ್ಸ್ ಅಂತ ಒತ್ತಿ, ಹಕ್ಕಿ ಇತ್ತು ಅಂತ ದಾಖಲಾಗುತ್ತೆ. ಊಹೆ ಮಾಡಿ ನಂಬರ್ ಮಾತ್ರ ಹಾಕಬೇಡಿ.